ಗಿಟಾರಿಗೆ ವಿದ್ಯುತ್ತು ಬಂದ ಕಥೆ

ಕಳೆದ ರಾಜ್ಯೋತ್ಸವಕ್ಕೆ ನಮ್ಮ ಸಂಘದ ಸಭಾಗೃಹಕ್ಕೆ ಬಂದಿದ್ದವರಿಗೆ ಆ ಸದ್ದು ಇನ್ನೂ ನೆನಪಿರಬೇಕು. ನಮ್ಮ ಮಗಳು ಗೆಳತಿಯಿಂದ ಎರವಲು ತಂದ ಗಿಟಾರನ್ನು ತೊಡೆಯ ಮೇಲಿಟ್ಟುಕೊಂಡು ಶಿಶುನಾಳ ಷರೀಫರ ಪದವೊಂದನ್ನು ಹಾಡಲು ಕುಳಿತಿದ್ದಳು. ಗಿಟಾರಿನ ನಾದ ಎರಡನೆಯ ಸಾಲಿಗೂ ತಲುಪಲಿಲ್ಲ. ಹಿಂದಿನಿಂದ ‘ಕೇಳಿಸೋದಿಲ್ಲ, ಕೇಳಿಸೋದಿಲ್ಲ’ ಎಂಬ ಕೂಗು ಎದ್ದಿತು. ಧ್ವನಿವರ್ಧಕದವನು ಇನ್ನೊಂದು ಮೈಕು ತಂದು ಗಿಟಾರಿನ ಬಾಯಿಗೆ ಹಿಡಿದು ಗುಂಡಿ ತಿರುಗಿಸಿದ. ಕೂಡಲೇ ಸಭಾಗೃಹವೆಲ್ಲ ‘ಕುಂಯ್’ ಎಂದು ಕಿರುಚಿಕೊಂಡಿತು. ಮಕ್ಕಳು ನಕ್ಕರು, ಹಿರಿಯರು ಕಿವಿ ಮುಚ್ಚಿಕೊಂಡರು. ಹುಡುಗಿ ಗಿಟಾರನ್ನು ಬದಿಗಿಟ್ಟು ಎರಡು ನುಡಿ ಬರಿದೇ ಹಾಡಿ ಎದ್ದು ಬಂದಳು. ರೈಲಿನಲ್ಲಿ ಮನೆಗೆ ಹಿಂತಿರುಗುವಾಗ ಅವಳು ಆಡಿದ್ದು ಒಂದೇ ಮಾತು: “ಇನ್ನು ನಾನು ಸಂಘದಲ್ಲಿ ಹಾಡೋದಿಲ್ಲಪ್ಪಾ.”

ಮುಂಬಯಿಯಲ್ಲಿ ಹುಟ್ಟಿ ಬೆಳೆದ ಮಗು. ಶಾಲೆಯಲ್ಲಿ ಮರಾಠಿ, ಬಸ್ಸಿನಲ್ಲಿ ಹಿಂದಿ, ಪುಸ್ತಕದಲ್ಲಿ ಇಂಗ್ಲಿಷು. ಕನ್ನಡ ಅವಳಿಗೆ ಊಟಕ್ಕೆ ಕೂತಾಗಿನ ಭಾಷೆ. ಷರೀಫರ ಪದವನ್ನು ಅವಳು ಬರೆದುಕೊಂಡಿದ್ದುದು ದೇವನಾಗರಿ ಲಿಪಿಯಲ್ಲಿ. ಹಾಗಿದ್ದರೂ ಹಾಡಿನ ನೆಪದಲ್ಲಿ ಪ್ರತಿಯೊಂದು ಶಬ್ದದ ಅರ್ಥವನ್ನು ಅವಳ ತಾಯಿಯನ್ನು ಕೇಳಿ ತಿಳಿದುಕೊಂಡಿದ್ದಳು. ಆ ನೆಪವೂ ಹೋದರೆ ಉಳಿಯುವುದೇನು ಎಂಬುದು ನಮ್ಮ ಚಿಂತೆ. ಆದ್ದರಿಂದ ವೇದಿಕೆಗೂ ಮನೆಯ ಅಭ್ಯಾಸಕ್ಕೂ ಒದಗುವಂಥ, ವಿದ್ಯುತ್ ಜೋಡಣೆಯಿರುವ ಮರದ ಗಿಟಾರೊಂದನ್ನು ಕೊಳ್ಳುವುದೆಂದು ಮನೆಯಲ್ಲಿ ತೀರ್ಮಾನವಾಯಿತು. ಮಿತಿ ೨೫,೦೦೦ ರೂಪಾಯಿ; ದೀಪಾವಳಿ ಬೋನಸ್ಸು ಅದರಲ್ಲಿ ಸೇರಿತ್ತು.

ನಾವು ಕೇಂದ್ರ ಸರ್ಕಾರದ ಗುಮಾಸ್ತರು. ಹಿಂದಿನ ಕಡತ ನೋಡದೆ ಒಂದು ಟಿಪ್ಪಣಿಯನ್ನೂ ಮೇಲಕ್ಕೆ ಕಳುಹಿಸಿ ಅಭ್ಯಾಸವಿಲ್ಲ. ಬಿ.ಎಸ್ಸಿ.ಯಲ್ಲಿ ಓದಿದ ಭೌತಶಾಸ್ತ್ರವೂ ಎಲ್ಲೋ ಒಂದು ಮೂಲೆಯಲ್ಲಿ ಉಸಿರಾಡುತ್ತಿತ್ತು. ಹೀಗಾಗಿ ಅಂಗಡಿಗೆ ಹೋಗುವ ಮೊದಲು ಗಿಟಾರಿನ ‘ಹಿಂದಿನ ಕಡತ’ವನ್ನು ತಿರುವಿ ಹಾಕಿದೆವು. ಅದರಲ್ಲಿ ಕಂಡದ್ದನ್ನು ವಾಚಕರೊಡನೆ ಹಂಚಿಕೊಳ್ಳುವುದೇ ಈ ಲೇಖನದ ಉದ್ದೇಶ.

ಗಿಟಾರು ಮೂಲತಃ ಮೆಲುದನಿಯ ವಾದ್ಯ. ಕೋಣೆಯಲ್ಲಿ ಹತ್ತು ಜನರ ನಡುವೆ ನುಡಿಸಲು ಹುಟ್ಟಿದ್ದು. ಇಂದಿನ ಶಾಸ್ತ್ರೀಯ ಗಿಟಾರಿಗೆ ರೂಪ ಕೊಟ್ಟವನು ಸ್ಪೇನ್ ದೇಶದ ಆಂಟೋನಿಯೋ ಡಿ ಟೋರ್ರೆಸ್ (೧೮೧೭–೧೮೯೨). ಗಿಟಾರಿನ ನಾದವೆಲ್ಲ ಇರುವುದು ಮೇಲ್ಹಲಗೆಯಲ್ಲಿ ಎಂಬುದು ಅವನ ನಂಬಿಕೆ. ಅದನ್ನು ತೋರಿಸಲು ೧೮೬೨ರಲ್ಲಿ ಅವನೊಂದು ವಿಚಿತ್ರ ಗಿಟಾರು ಮಾಡಿದ. ಮೇಲ್ಹಲಗೆ ಒಳ್ಳೆಯ ಮರದ್ದು. ಬೆನ್ನು, ಪಕ್ಕೆಗಳು ಬರೀ ರಟ್ಟಿನವು! ಆದರೂ ಅದು ನುಡಿಯಿತು. ಆ ವಾದ್ಯ ಇಂದಿಗೂ ಬಾರ್ಸಿಲೋನಾದ ಸಂಗೀತ ವಸ್ತುಸಂಗ್ರಹಾಲಯದಲ್ಲಿದೆ. ಕಡತದ ಈ ಮೊದಲ ಹಾಳೆಯ ಅಂಚಿನಲ್ಲಿ ನಾವು ಕೆಂಪು ಶಾಯಿಯಲ್ಲಿ ಗುರುತು ಹಾಕಿಕೊಂಡೆವು. ಅದು ಉಪಯೋಗಕ್ಕೆ ಬಂದದ್ದು ಅಂಗಡಿಯಲ್ಲಿ.

ಎರಡನೆಯ ಹಾಳೆ ಅಮೆರಿಕದ್ದು. ಆದರೆ ಶುರುವಾಗುವುದು ಜರ್ಮನಿಯಲ್ಲಿ. ಸ್ಯಾಕ್ಸನಿಯ ಮಾರ್ಕ್‌ನಾಯ್‌ಕಿರ್ಖನ್ ಎಂಬ ಊರಿನಲ್ಲಿ ಪಿಟೀಲು ಮಾಡುವವರ ಸಂಘಕ್ಕೂ ಬಡಗಿಗಳ ಸಂಘಕ್ಕೂ ದೊಡ್ಡ ವ್ಯಾಜ್ಯ ನಡೆದಿತ್ತು. ‘ಗಿಟಾರು ಮಾಡುವ ಹಕ್ಕು ನಮಗೆ ಮಾತ್ರ, ಮೇಜು ಕುರ್ಚಿ ಮಾಡುವವರಿಗೆ ವಾದ್ಯದ ಗೊಡವೆ ಏಕೆ?’ ಎಂಬುದು ಪಿಟೀಲಿನವರ ವಾದ. ಬಡಗಿಗಳ ಪಂಗಡಕ್ಕೆ ಸೇರಿದ ಕ್ರಿಶ್ಚಿಯನ್ ಫ್ರೆಡರಿಕ್ ಮಾರ್ಟಿನ್ ಎಂಬ ಕುಶಲಿ ೧೮೩೩ರಲ್ಲಿ ಊರು ಬಿಟ್ಟು ನ್ಯೂಯಾರ್ಕಿಗೆ ಬಂದ. ಕೆಲವೇ ವರ್ಷಗಳಲ್ಲಿ ಪೆನ್ಸಿಲ್ವೇನಿಯಾದ ನಾಜರೆತ್‌ಗೆ ಹೋಗಿ ನೆಲೆಸಿದ. ಅವನ ಹೆಸರಿನ ಕಂಪನಿ ಇಂದಿಗೂ ಅಲ್ಲಿಯೇ ಇದೆ. ಹೊಟ್ಟೆಪಾಡಿಗೆ ಊರು ಬಿಟ್ಟು ಬಂದ ನಮ್ಮಂಥವರಿಗೆ ಈ ಕಥೆ ಓದುವಾಗ ಯಾರೋ ನೆಂಟರ ಸುದ್ದಿ ಓದಿದಂತಾಯಿತು.

ಸಭೆಗಳು ದೊಡ್ಡದಾದಂತೆ ಗಿಟಾರಿನ ಮೆಲುದನಿ ಸಾಲದೆ ಬಂತು. ಮೊದಲ ಉಪಾಯ ಮೈ ಬೆಳೆಸುವುದು. ೧೯೨೦ರ ದಶಕದಲ್ಲಿ ಕರುಳಿನ ತಂತಿಯ ಜಾಗಕ್ಕೆ ಉಕ್ಕಿನ ತಂತಿ ಬರತೊಡಗಿತು. ೧೯೩೧ರಲ್ಲಿ ಮಾರ್ಟಿನ್ ಕಂಪನಿ ತನ್ನ ಹೆಸರಿನಲ್ಲಿ ‘ಡ್ರೆಡ್‌ನಾಟ್’ ಎಂಬ ದೊಡ್ಡ ಹೊಟ್ಟೆಯ ಗಿಟಾರನ್ನು ಮಾರತೊಡಗಿತು. ಆ ಹೆಸರು ೧೯೦೬ರ ಬ್ರಿಟಿಷ್ ಯುದ್ಧನೌಕೆಯೊಂದರದು. ಇಂದು ಅಂಗಡಿಯಲ್ಲಿ ನೇತು ಹಾಕಿರುವ ಗಿಟಾರುಗಳಲ್ಲಿ ಬಹುಪಾಲು ಇದೇ ಆಕಾರದವು.

ಇದೇ ತೊಂದರೆ ನಮ್ಮ ನಾಡಿನಲ್ಲೂ ಇತ್ತು ಎಂಬುದನ್ನು ಇಲ್ಲಿ ನೆನೆಯಬೇಕು. ಮೈಸೂರಿನ ಪಿಟೀಲು ಚೌಡಯ್ಯನವರು (೧೮೯೫–೧೯೬೭) ಮೈಕಿಲ್ಲದ ಕಾಲದ ಕಛೇರಿಗಳಲ್ಲಿ ಹಿಂದೆ ಕುಳಿತವರಿಗೆ ತಮ್ಮ ವಾದ್ಯ ಕೇಳಿಸದು ಎಂದು ಕಂಡುಕೊಂಡು ನಾಲ್ಕು ತಂತಿಯ ಪಿಟೀಲನ್ನು ಏಳು ತಂತಿಯದ್ದಾಗಿ ಮಾಡಿಕೊಂಡರು. ನಾಜರೆತ್ತಿನವರು ಹೊಟ್ಟೆ ದೊಡ್ಡದು ಮಾಡಿದರೆ ನಮ್ಮವರು ತಂತಿ ಹೆಚ್ಚಿಸಿದರು. ಬಯಕೆ ಒಂದೇ: ಹಿಂದಿನ ಸಾಲಿನವನಿಗೂ ಕೇಳಿಸಬೇಕು.

ಎರಡನೆಯ ಉಪಾಯ ವಿದ್ಯುತ್ತು. ೧೯೧೫ರ ಸ್ಯಾನ್ ಫ್ರಾನ್ಸಿಸ್ಕೋ ವಸ್ತುಪ್ರದರ್ಶನದ ನಂತರ ಅಮೆರಿಕದಲ್ಲಿ ಹವಾಯಿ ದ್ವೀಪದ ಸಂಗೀತದ ಹುಚ್ಚು ಹಬ್ಬಿತು. ಗಿಟಾರನ್ನು ತೊಡೆಯ ಮೇಲೆ ಮಲಗಿಸಿ ಉಕ್ಕಿನ ತುಂಡಿನಿಂದ ಜಾರಿಸಿ ನುಡಿಸುವ ಕ್ರಮ ಅದು. ಹಾಗೆ ನುಡಿಸುತ್ತಿದ್ದ ಜಾರ್ಜ್ ಬೋಶಾಂ ಎಂಬಾತ ಅಡಾಲ್ಫ್ ರಿಕನ್‌ಬ್ಯಾಕರ್ ಎಂಬುವನ ಜೊತೆ ಸೇರಿ ಒಂದು ಉಪಾಯ ಹೂಡಿದ. ಉಕ್ಕಿನ ತಂತಿಯ ಬಳಿ ಅಯಸ್ಕಾಂತವನ್ನೂ ತಾಮ್ರದ ಸುರುಳಿಯನ್ನೂ ಇಟ್ಟರೆ, ತಂತಿ ಮಿಡಿದಾಗ ಸುರುಳಿಯಲ್ಲಿ ಅದೇ ಲಯದ ವಿದ್ಯುತ್ತು ಹುಟ್ಟುತ್ತದೆ. ಅದನ್ನು ಹಿಗ್ಗಿಸಿ ಧ್ವನಿವರ್ಧಕಕ್ಕೆ ಕೊಟ್ಟರಾಯಿತು. ಈ ಅಯಸ್ಕಾಂತದ ಜೋಡಣೆಗೇ ‘ಪಿಕಪ್’ ಎಂದು ಹೆಸರು. ೧೯೩೨ರಲ್ಲಿ ಮಾರಾಟಕ್ಕೆ ಬಂದ ಅವರ ಅಲ್ಯೂಮಿನಿಯಂ ಗಿಟಾರು ನೋಡಲು ಬಾಣಲೆಯಂತಿದ್ದುದರಿಂದ ಜನ ಅದನ್ನು ‘ಹುರಿಯುವ ಬಾಣಲೆ’ ಎಂದೇ ಕರೆದರು.

೧೯೩೬ರಲ್ಲಿ ಗಿಬ್ಸನ್ ಕಂಪನಿ ಇ.ಎಸ್.-೧೫೦ ಎಂಬ ಮಾದರಿ ತಂದಿತು. ಹೆಸರಿನ ೧೫೦ ಎಂಬುದು ಗಿಟಾರು, ಆಂಪ್ಲಿಫಯರು ಎರಡೂ ಸೇರಿ ಸುಮಾರು ಅಷ್ಟು ಡಾಲರು ಎಂಬುದರ ಸೂಚನೆ. ಅದನ್ನು ಹಿಡಿದು ೧೯೩೯ರಲ್ಲಿ ಬೆನ್ನಿ ಗುಡ್‌ಮನ್ನರ ತಂಡಕ್ಕೆ ಸೇರಿದ ಚಾರ್ಲಿ ಕ್ರಿಶ್ಚಿಯನ್ ಎಂಬ ಕರಿಯ ತರುಣ, ಅಲ್ಲಿಯವರೆಗೆ ತಾಳ ಹಿಡಿಯುವ ಕೆಲಸಕ್ಕಿದ್ದ ಗಿಟಾರನ್ನು ತುತ್ತೂರಿಗಳ ಸಮಕ್ಕೆ ಮುಂದೆ ತಂದು ನಿಲ್ಲಿಸಿದ. ೧೯೪೨ರಲ್ಲಿ ಇಪ್ಪತ್ತೈದರ ಹರೆಯದಲ್ಲಿ ಅವನು ತೀರಿಕೊಂಡ. ಆದರೆ ಗಿಟಾರು ಮತ್ತೆ ಹಿಂದಿನ ಸಾಲಿಗೆ ಹೋಗಲಿಲ್ಲ.

ಆದರೆ ಇಲ್ಲೊಂದು ತೊಡಕು ಇತ್ತು. ಅಯಸ್ಕಾಂತ ಉಕ್ಕಿನ ತಂತಿಯನ್ನು ಬಲ್ಲದೇ ಹೊರತು ಮರವನ್ನು ಅರಿಯದು. ಧ್ವನಿ ದೊಡ್ಡದಾಯಿತು, ಆದರೆ ಮರದ ಮಾತು ಹೋಯಿತು. ಇನ್ನೊಂದು ತೊಡಕು ನಮ್ಮ ಸಭಾಗೃಹದಲ್ಲಿ ಕೇಳಿಸಿದ ಅದೇ ‘ಕುಂಯ್’. ಧ್ವನಿವರ್ಧಕದಿಂದ ಹೊರಟ ಸದ್ದು ಗಿಟಾರಿನ ಟೊಳ್ಳು ಪೆಟ್ಟಿಗೆಯನ್ನು ನಡುಗಿಸುತ್ತದೆ. ಆ ನಡುಕವನ್ನು ಮೈಕೋ ಪಿಕಪ್ಪೋ ಹಿಡಿದು ಮತ್ತೆ ಧ್ವನಿವರ್ಧಕಕ್ಕೆ ಕಳುಹಿಸುತ್ತದೆ. ಹೀಗೆ ಸುತ್ತಿ ಸುತ್ತಿ ಬೆಳೆದು ಕಿರುಚಾಗುತ್ತದೆ. ಇದನ್ನು ‘ಫೀಡ್‌ಬ್ಯಾಕ್’ ಎನ್ನುತ್ತಾರೆ. ಪಾಪ, ಅಂದು ಧ್ವನಿವರ್ಧಕದವನ ತಪ್ಪೇನೂ ಇರಲಿಲ್ಲ. ಅದು ಭೌತಶಾಸ್ತ್ರದ ನಿಯಮ.

ಈ ತೊಡಕಿಗೆ ಗಿಬ್ಸನ್ನಿನವರು ೧೯೫೪ರಲ್ಲಿ ಕಂಡ ಪರಿಹಾರ ಜೆ-೧೬೦ಇ ಎಂಬ ಗಿಟಾರು. ನೋಡಲು ಮಾಮೂಲಿ ಮರದ ಗಿಟಾರು, ಒಳಗೆ ಅಯಸ್ಕಾಂತದ ಪಿಕಪ್. ಪೆಟ್ಟಿಗೆ ನಡುಗದಿರಲೆಂದು ಮೇಲ್ಹಲಗೆಗೆ ಪ್ಲೈವುಡ್ ಹಾಕಿದರು. ಟೋರ್ರೆಸ್ ಇದನ್ನು ಕಂಡಿದ್ದರೆ ತಲೆ ಚಚ್ಚಿಕೊಳ್ಳುತ್ತಿದ್ದನೇನೋ! ೧೯೬೨ರಲ್ಲಿ ಲಿವರ್‌ಪೂಲಿನ ಇಬ್ಬರು ಹುಡುಗರು, ಜಾನ್ ಲೆನನ್ ಮತ್ತು ಜಾರ್ಜ್ ಹ್ಯಾರಿಸನ್, ಇದೇ ಮಾದರಿಯ ಎರಡು ಗಿಟಾರು ಕೊಂಡರು. ಮುಂದಿನದು ಲೋಕಕ್ಕೆಲ್ಲ ಗೊತ್ತಿದೆ. ಮಾರ್ಟಿನ್ ಕಂಪನಿಯೂ ೧೯೫೯ರಲ್ಲಿ ತನ್ನ ಒಳ್ಳೆಯ ಗಿಟಾರಿನ ಮೇಲೆ ಭಾರದ ಪಿಕಪ್ಪುಗಳನ್ನು ಕೂಡಿಸಿ ಡಿ-೧೮ಇ ಎಂದು ಮಾರಲು ಹೊರಟು ೩೦೨ಕ್ಕೇ ನಿಲ್ಲಿಸಿತು. ಅಂಗಡಿಯಲ್ಲಿ ಓಡದ ಆ ಮಾದರಿಯ ಒಂದು ಗಿಟಾರು, ೧೯೯೩ರಲ್ಲಿ ಕರ್ಟ್ ಕೊಬೇನ್ ನುಡಿಸಿದ್ದು ಎಂಬ ಕಾರಣಕ್ಕೆ, ೨೦೨೦ರ ಹರಾಜಿನಲ್ಲಿ ೬೦ ಲಕ್ಷ ಡಾಲರಿಗೆ ಹೋಯಿತು. ಬೆಲೆಗೂ ಗುಣಕ್ಕೂ ಎಷ್ಟು ನಂಟು ಎಂಬುದಕ್ಕೆ ಇದೇ ಸಾಕ್ಷಿ.

ನಿಜವಾದ ಪರಿಹಾರ ಬಂದದ್ದು ಸಂಗೀತಗಾರರಿಂದಲ್ಲ. ೧೮೮೦ರಲ್ಲಿ ಪ್ಯಾರಿಸಿನಲ್ಲಿ ಜಾಕ್ ಕ್ಯೂರಿ ಮತ್ತು ಇಪ್ಪತ್ತೊಂದು ವರ್ಷದ ಅವರ ತಮ್ಮ ಪಿಯರ್ ಕ್ಯೂರಿ ಒಂದು ಸಂಗತಿ ಕಂಡುಹಿಡಿದರು. ಕೆಲವು ಹರಳುಗಳನ್ನು ಒತ್ತಿದರೆ ಅವುಗಳಲ್ಲಿ ವಿದ್ಯುತ್ತು ಹುಟ್ಟುತ್ತದೆ. ಅವರು ಪರೀಕ್ಷಿಸಿದ ಹರಳುಗಳಲ್ಲಿ ಸ್ಫಟಿಕ, ಪುಷ್ಯರಾಗಗಳ ಜೊತೆಗೆ ನಮ್ಮ ಕಬ್ಬಿನ ಸಕ್ಕರೆಯೂ ಇತ್ತು! ಇದಕ್ಕೆ ‘ಪೀಜೋ’ ವಿದ್ಯುತ್ತು ಎಂದು ಹೆಸರು. ಕಾಲೇಜಿನಲ್ಲಿ ಇದನ್ನು ನಾವು ಐದು ಅಂಕದ ಪ್ರಶ್ನೆಗೆಂದು ಬಾಯಿಪಾಠ ಮಾಡಿದ್ದೆವು. ಅಡಿಗೆಮನೆಯಲ್ಲಿ ‘ಟಕ್’ ಎಂದು ಕಿಡಿ ಹಾರಿಸುವ ಗ್ಯಾಸ್ ಲೈಟರು ಕೂಡ ಇದೇ ತತ್ತ್ವದ್ದು ಎಂದು ಮನೆಯವರಿಗೆ ವಿವರಿಸಿದಾಗ, “ಇಷ್ಟು ವರ್ಷ ಆದ ಮೇಲೆ ನಿಮ್ಮ ಡಿಗ್ರಿ ಅಡಿಗೆಮನೆಗೆ ಬಂತಲ್ಲ ಬಿಡಿ” ಎಂದರು.

ವೀಣೆಯಲ್ಲಿದ್ದಂತೆ ಗಿಟಾರಿನಲ್ಲೂ ತಂತಿಗಳು ಕುದುರೆಯ ಮೇಲೆ ಹಾಯುತ್ತವೆ. ಗಿಟಾರಿನ ಕುದುರೆಯ ಮೇಲೊಂದು ಬಿಳಿಯ ಪಟ್ಟಿ ಇರುತ್ತದೆ. ಅದು ‘ಸ್ಯಾಡಲ್’, ಎಂದರೆ ಕುದುರೆಯ ಮೇಲಿನ ಜೀನು. ಈ ಜೀನಿನ ಅಡಿಯಲ್ಲಿ ಪೀಜೋ ಪಟ್ಟಿ ಇಟ್ಟರೆ, ತಂತಿಯ ಒತ್ತಡವೂ ಹಲಗೆಯ ಕಂಪನವೂ ಎರಡೂ ಅದಕ್ಕೆ ತಾಗುತ್ತವೆ. ಉಕ್ಕೇ ಬೇಕೆಂಬ ಹಟವಿಲ್ಲ. ನೈಲಾನ್ ತಂತಿಯಾದರೂ ನಡೆದೀತು. ಇದನ್ನು ಗಿಟಾರಿನ ಲೋಕದಲ್ಲಿ ಮನೆಮಾತು ಮಾಡಿದ ಕೀರ್ತಿ ಹೆಚ್ಚಾಗಿ ಓವೇಷನ್ ಕಂಪನಿಗೆ ಸಲ್ಲುತ್ತದೆ. ಅದನ್ನು ೧೯೬೬ರಲ್ಲಿ ಕಟ್ಟಿದ ಚಾರ್ಲ್ಸ್ ಕಾಮನ್ ಹೆಲಿಕಾಪ್ಟರ್ ತಯಾರಿಸುವ ಇಂಜಿನಿಯರು. ಬಿಡುವಿನಲ್ಲಿ ಗಿಟಾರು ನುಡಿಸುವವರು. ಹೆಲಿಕಾಪ್ಟರಿನ ರೆಕ್ಕೆ ನಡುಗದಂತೆ ತಡೆಯುವ ವಿದ್ಯೆಯನ್ನು ಗಿಟಾರು ಚೆನ್ನಾಗಿ ನಡುಗುವಂತೆ ಮಾಡಲು ಬಳಸಿದರು.

ಮುಂದೆ ಜಪಾನಿನ ತಕಾಮಿನೆ, ೧೯೮೧ರಲ್ಲಿ ಆರಂಭವಾದ ಅಮೆರಿಕದ ಫಿಶ್‌ಮನ್ ಮೊದಲಾದವರು ಪೀಜೋ ಜೋಡಣೆಯನ್ನು ಸುಧಾರಿಸಿದರು. ಯಮಾಹಾದವರು ೧೯೮೭ರಲ್ಲಿ ವೇದಿಕೆಗೆಂದೇ ತೆಳುಮೈಯ ಎ.ಪಿ.ಎಕ್ಸ್. ಮಾದರಿ ತಂದರು. ೧೯೮೯ರಲ್ಲಿ ಎಂ.ಟಿ.ವಿ.ಯ ‘ಅನ್‌ಪ್ಲಗ್ಡ್’ ಕಾರ್ಯಕ್ರಮ ಶುರುವಾಯಿತು. ೧೯೯೨ರಲ್ಲಿ ಅದರಲ್ಲಿ ಎರಿಕ್ ಕ್ಲಾಪ್ಟನ್ ಕುರ್ಚಿಯಲ್ಲಿ ಕುಳಿತು ಮರದ ಗಿಟಾರು ನುಡಿಸಿದ ಮೇಲೆ ಲೋಕದ ಹುಡುಗರಿಗೆಲ್ಲ ಮತ್ತೆ ಮರದ ಗಿಟಾರೇ ಬೇಕಾಯಿತು. ಹೀಗೆ ಕ್ಯೂರಿ ಸಹೋದರರ ಹರಳು ನೂರಹತ್ತು ವರ್ಷ ತಿರುಗಾಡಿ ನಮ್ಮಂಥ ಸಂಬಳದಾರರ ಕೈಗೆಟಕುವ ಗಿಟಾರಿನೊಳಗೆ ಬಂದು ಕುಳಿತಿತು.

ಕಡತದಲ್ಲಿ ನಾವು ನಿರೀಕ್ಷಿಸದೆ ಇದ್ದ ಹಾಳೆಯೊಂದು ಸಿಕ್ಕಿತು. ಒಳ್ಳೆಯ ಗಿಟಾರುಗಳ ಬೆನ್ನು, ಪಕ್ಕೆಗಳಿಗೆ ಬಹಳ ಕಾಲ ಬ್ರೆಜಿಲ್ ದೇಶದ ರೋಸ್‌ವುಡ್ ಮರವನ್ನು ಬಳಸುತ್ತಿದ್ದರು. ಅದು ಸಿಗುವುದು ದುರ್ಲಭವಾದಾಗ, ೧೯೬೯ರಲ್ಲಿ ಮಾರ್ಟಿನ್ ಕಂಪನಿ ಭಾರತದ ರೋಸ್‌ವುಡ್ಡಿಗೆ ತಿರುಗಿತು. ಭಾರತದ ರೋಸ್‌ವುಡ್ ಎಂದರೆ ಯಾವುದು? ಪಶ್ಚಿಮ ಘಟ್ಟದ ನಮ್ಮ ಬೀಟೆ! ಮಲೆನಾಡಿನಲ್ಲಿ, ಕೊಡಗಿನಲ್ಲಿ ಬೆಳೆಯುವ ಅದೇ ಬೀಟೆ. ನಮ್ಮ ಅಜ್ಜ ಮಲಗುತ್ತಿದ್ದ ಮಂಚ ಬೀಟೆಯದು. ಬಾಲ್ಯದಲ್ಲಿ ಅದರ ಕಾಲನ್ನು ಬೆರಳಿನಿಂದ ತಟ್ಟಿದರೆ ಒಂದು ಕಂಚಿನಂಥ ಸದ್ದು ಬರುತ್ತಿದ್ದುದು ನೆನಪಿದೆ. ಅದು ಗಿಟಾರಿನ ಸದ್ದು ಎಂದು ಆಗ ತಿಳಿದಿರಲಿಲ್ಲ. ೨೦೧೭ರಲ್ಲಿ ಬೀಟೆಯ ಕುಲದ ಮರಗಳಿಗೆಲ್ಲ ಅಂತರರಾಷ್ಟ್ರೀಯ ವ್ಯಾಪಾರದ ನಿರ್ಬಂಧ ಬಂತು. ೨೦೧೯ರಲ್ಲಿ ಸಿದ್ಧ ವಾದ್ಯಗಳಿಗೆ ವಿನಾಯಿತಿ ಸಿಕ್ಕಿತು. ಈ ನಡುವೆ ಹಲವು ಕಂಪನಿಗಳು ಕಡಿಮೆ ಬೆಲೆಯ ಗಿಟಾರುಗಳಿಗೆ ವಾಲ್‌ನಟ್ ಮೊದಲಾದ ಬೇರೆ ಮರ ಹಾಕತೊಡಗಿದವು.

ಈ ಹಾಳೆಯನ್ನು ನಾವು ಸಂಘದ ಹಿರಿಯರೊಬ್ಬರಿಗೆ ತೋರಿಸಲು ಕಾರಣವಿತ್ತು. “ರಾಜ್ಯೋತ್ಸವಕ್ಕೆ ಗಿಟಾರು ಯಾತಕ್ಕೆ ಸ್ವಾಮಿ? ಹಾರ್ಮೋನಿಯಂ ಇಲ್ಲವೇ?” ಎಂದು ಅವರು ಸಭೆಯಲ್ಲಿ ಕೇಳಿದ್ದರು. ಅವರ ಮೇಲೆ ನಮಗೆ ಗೌರವವಿದೆ. ಆದರೆ ಹಾರ್ಮೋನಿಯಂ ಫ್ರಾನ್ಸಿನಲ್ಲಿ ಹುಟ್ಟಿದ್ದು. ಅದು ಪರಕೀಯ ವಾದ್ಯ ಎಂದು ಆಕಾಶವಾಣಿಯೇ ೧೯೪೦ರಿಂದ ೧೯೭೧ರವರೆಗೆ ಅದನ್ನು ಹೊರಗಿಟ್ಟಿತ್ತು. ಪಿಟೀಲೂ ಹೊರಗಿನಿಂದ ಬಂದು ಚೌಡಯ್ಯನವರ ಕೈಯಲ್ಲಿ ನಮ್ಮದಾಯಿತು. ಗಿಟಾರನ್ನು ಬ್ರಿಜ್‌ಭೂಷಣ್ ಕಾಬ್ರಾ ಅವರು ೧೯೬೭ರಲ್ಲೇ ಶಿವಕುಮಾರ ಶರ್ಮಾ, ಹರಿಪ್ರಸಾದ್ ಚೌರಾಸಿಯಾ ಅವರ ಜೊತೆಗೆ ‘ಕಾಲ್ ಆಫ್ ದಿ ವ್ಯಾಲಿ’ ಧ್ವನಿಮುದ್ರಿಕೆಯಲ್ಲಿ ರಾಗಕ್ಕೆ ಒಗ್ಗಿಸಿದರು. ವಿಶ್ವಮೋಹನ ಭಟ್ಟರು ಅದನ್ನು ಮೋಹನವೀಣೆಯಾಗಿಸಿ ೧೯೯೪ರಲ್ಲಿ ಗ್ರ್ಯಾಮಿ ಪ್ರಶಸ್ತಿ ತಂದರು. ಮೈಸೂರಿನ ಹುಡುಗ ರಘು ದೀಕ್ಷಿತ್ ಗಿಟಾರು ಹಿಡಿದು ಷರೀಫರ ಪದ ಹಾಡಿ ಅದನ್ನು ದೇಶವಿದೇಶಗಳಿಗೆ ಕೊಂಡೊಯ್ದರು. “ಮರವೂ ನಮ್ಮದೇ, ಪದವೂ ನಮ್ಮದೇ, ನಡುವೆ ಆರು ತಂತಿ ಮಾತ್ರ ಹೊರಗಿನದು” ಎಂದೆವು. ಹಿರಿಯರು ನಕ್ಕು, “ಕೇಳಿಸುವ ಹಾಗಿದ್ದರೆ ಸರಿ” ಎಂದರು. ಅವರ ಆಕ್ಷೇಪಣೆ ಅಷ್ಟೇ ಆಗಿತ್ತೋ ಏನೋ!

ಇನ್ನು ಖರೀದಿಯ ಮಾತು. ಒಂದು ಶನಿವಾರ ತಂದೆ ಮಗಳು ಧೋಬಿ ತಲಾವಿನ ಕಡೆ ಹೊರಟೆವು. ಮುಂಬಯಿಯ ವಾದ್ಯದ ವ್ಯಾಪಾರಕ್ಕೆ ಆ ಪೇಟೆ ಹಳೆಯ ತವರು. ಒಂದು ಅಂಗಡಿಯಲ್ಲಿ ಮಾರುವವನು ಗಿಟಾರನ್ನು ಕೊಡುತ್ತಲೇ ಆಂಪ್ಲಿಫಯರಿಗೆ ಜೋಡಿಸಿ, ಪ್ರತಿಧ್ವನಿಯ ಗುಂಡಿ ಏರಿಸಿಬಿಟ್ಟ. ಇಂದ್ರಸಭೆಯಂತೆ ಕೇಳಿಸಿತು! ನಾವು ತಂತಿ ಕಳಚಿ, “ಹೀಗೇ ನುಡಿಸಮ್ಮ” ಎಂದೆವು. ಡಬ್ಬಿ ಬಡಿದಂತಾಯಿತು. ನೋಡಿದರೆ ಮೇಲ್ಹಲಗೆ ಪ್ಲೈ. ಟೋರ್ರೆಸ್ಸನಿಗೆ ಮನಸ್ಸಿನಲ್ಲೇ ಕೈಮುಗಿದು ಹೊರಬಂದೆವು. ನಮ್ಮ ಬೆಲೆಯಲ್ಲಿ ಬೆನ್ನು, ಪಕ್ಕೆ ಪ್ಲೈಯಾದರೂ ಅಡ್ಡಿಯಿಲ್ಲ. ಮೇಲ್ಹಲಗೆ ಮಾತ್ರ ಗಟ್ಟಿಮರದ್ದಾಗಿರಬೇಕು. ನಾದರಂಧ್ರದ ಅಂಚನ್ನು ದಿಟ್ಟಿಸಿದರೆ ಗೊತ್ತಾಗುತ್ತದೆ: ಮರದ ಗೆರೆ ಮೇಲಿನಿಂದ ಕೆಳಗಿನವರೆಗೆ ಒಂದೇ ಆಗಿ ಇಳಿದರೆ ಗಟ್ಟಿಮರ, ಪದರಗಳು ಕಂಡರೆ ಪ್ಲೈ. ವರ್ಷದಲ್ಲಿ ಮುನ್ನೂರು ದಿನ ಅದು ಮನೆಯಲ್ಲಿ ವಿದ್ಯುತ್ತಿಲ್ಲದೆ ನುಡಿಯುವ ವಾದ್ಯ. ವೇದಿಕೆ ಏರುವುದು ನಾಲ್ಕು ದಿನ.

ಎರಡನೆಯದಾಗಿ, ಪೀಜೋದಿಂದ ಬರುವ ವಿದ್ಯುತ್ತು ಬಹಳ ಬಡಕಲು. ನೇರವಾಗಿ ಉದ್ದ ತಂತಿಯಲ್ಲಿ ಕಳುಹಿಸಿದರೆ ಬಾಚಣಿಗೆ ಮೀಟಿದಂಥ ಕರ್ಕಶ ಸದ್ದು ಬರುತ್ತದೆ. ಅದಕ್ಕಾಗಿ ಗಿಟಾರಿನ ಪಕ್ಕೆಯಲ್ಲಿ ‘ಪ್ರಿಯಾಂಪ್’ ಎಂಬ ಚಿಕ್ಕ ಪೆಟ್ಟಿಗೆ ಇರುತ್ತದೆ. ಮಂದ್ರ, ತಾರಗಳನ್ನು ಏರಿಸಿ ಇಳಿಸುವ ಗುಂಡಿಗಳು, ಶ್ರುತಿ ತೋರಿಸುವ ದೀಪ, ಫೀಡ್‌ಬ್ಯಾಕ್ ತಗ್ಗಿಸುವ ‘ಫೇಸ್’ ಗುಂಡಿ ಇದ್ದರೆ ಸಾಕು. ಉಳಿದ ಅಲಂಕಾರಕ್ಕೆ ದುಡ್ಡು ಕೊಡಬೇಕಿಲ್ಲ. ನುಡಿಸುವುದು ಮುಗಿದ ಮೇಲೆ ತಂತಿಯನ್ನು ಕಳಚಿಡಬೇಕು. ಇಲ್ಲವಾದರೆ ಒಳಗಿನ ಬ್ಯಾಟರಿ ಸುಮ್ಮನೆ ಖರ್ಚಾಗುತ್ತಿರುತ್ತದೆ. ನಾದರಂಧ್ರಕ್ಕೆ ಮುಚ್ಚುವ ರಬ್ಬರಿನ ಬಿರಡೆಯೊಂದು ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಆ ‘ಕುಂಯ್’ಗೆ ಅದು ಅಗ್ಗದ ಔಷಧ.

ಮೂರನೆಯದು ಕೈ. ತಂತಿಗಳು ಮೆಟ್ಟುಗಳಿಂದ ತೀರ ಎತ್ತರದಲ್ಲಿದ್ದರೆ ಕಲಿಯುವವರ ಬೆರಳು ಹರಿದುಹೋಗುತ್ತದೆ. ಯುದ್ಧನೌಕೆಯ ಗಾತ್ರದ ಡ್ರೆಡ್‌ನಾಟ್ ನಮ್ಮ ಮಗಳ ತೋಳಿಗೆ ಹೆಚ್ಚಾಯಿತು. ಆದ್ದರಿಂದ ಸ್ವಲ್ಪ ಸಣ್ಣ ಮೈಯ ಗಿಟಾರನ್ನು ಆರಿಸಿದೆವು. ಸಣ್ಣ ಪೆಟ್ಟಿಗೆ ವೇದಿಕೆಯ ಮೇಲೆ ಕಿರುಚುವುದೂ ಕಡಿಮೆ. ಮುಂಬಯಿಯ ಮಳೆಗಾಲದಲ್ಲಿ ಮರ ಉಬ್ಬುತ್ತದೆ. ಚೀಲದಲ್ಲಿ ಸಿಲಿಕಾ ಹರಳಿನ ಪೊಟ್ಟಣ ಇಟ್ಟುಕೊಳ್ಳಿ ಎಂದು ಮೂರನೆಯ ಅಂಗಡಿಯ ಗೋವೆಯ ಮುದುಕರು ಬುದ್ಧಿ ಹೇಳಿದರು. ಕೊಂಡದ್ದು ಅವರಲ್ಲೇ. ಕಂಪನಿಯ ಹೆಸರು ಇಲ್ಲಿ ಬೇಡ, ಜಾಹೀರಾತಾದೀತು. ಬೆಲೆ ನಮ್ಮ ಮಿತಿಗಿಂತ ೬೦೦ ರೂಪಾಯಿ ಮೇಲೆ. ಅದಕ್ಕೆ ಮನೆಯಲ್ಲಿ ವಿಶೇಷ ಮಂಜೂರಾತಿ ಪಡೆಯಬೇಕಾಯಿತು. ಬೆನ್ನಿನ ಮೇಲ್ಪದರ ಮಾತ್ರ ಬೀಟೆಯದು, ತೆಳುವಾದರೂ ಬೀಟೆಯೇ.

ಈಗ ಸಂಜೆ ಕಛೇರಿಯಿಂದ ಬಂದರೆ ಕ್ವಾರ್ಟರ್ಸಿನ ಮೆಟ್ಟಿಲಿಗೇ ಷರೀಫರ ಪದ ಕೇಳಿಸುತ್ತದೆ. ಪಕ್ಕದ ಮನೆಯ ಬಂಗಾಳಿ ಬಾಬುಗಳೂ ಗುನುಗತೊಡಗಿದ್ದಾರೆ. ಹಾಡಿನ ಹಾಳೆ ಇನ್ನೂ ದೇವನಾಗರಿಯಲ್ಲೇ ಇದೆ, ನಾವೂ ಒತ್ತಾಯಿಸಿಲ್ಲ. ಮೊನ್ನೆ ಮಾತ್ರ ಅವಳು, “ಅಪ್ಪಾ, ನವೆಂಬರಿನಲ್ಲಿ ನನ್ನ ಹೆಸರು ಕೊಡ್ತೀರಾ?” ಎಂದು ಕೇಳಿದಳು. ಕೊಟ್ಟಿದ್ದೇವೆ. ಧ್ವನಿವರ್ಧಕದವರಿಗೆ ಈ ಬಾರಿ ಒಂದೇ ವಿನಂತಿ: ಗಿಟಾರಿನ ಬಾಯಿಗೆ ಮೈಕು ಹಿಡಿಯಬೇಡಿ, ತಂತಿ ಜೋಡಿಸಿದರೆ ಸಾಕು. ಸದಸ್ಯರಿಗೂ ಒಂದು ವಿನಂತಿಯಿದೆ: ದಯವಿಟ್ಟು ಹಿಂದಿನ ಸಾಲಿನಲ್ಲಿ ಕೂತು ಕೇಳಿ.